ಧಮ್ಮಪದನಾ, ಹೃದಯ ಸೂತ್ರನಾ: ಮೊದಲು ಯಾವ್ದು ಓದ್ಬೇಕು?

ಬೌದ್ಧ ಗ್ರಂಥ ಓದೋಕೆ ಶುರು ಮಾಡೋರಿಗೆ ನನ್ನ ಸಲಹೆ ಧಮ್ಮಪದ. 26 ವಗ್ಗ (ಅಧ್ಯಾಯ), 423 ಗಾಥೆ (ಪದ್ಯ), ಯಾವ ಪುಟ ತೆಗೆದ್ರೂ ಓದ್ಬಹುದು, ದ್ವೇಷದಿಂದ ದ್ವೇಷ ಶಮನ ಆಗಲ್ಲ ಅನ್ನೋ ಮಾತು ಐದನೇ ಗಾಥೆಲೇ ಸಿಗುತ್ತೆ. ಪಾಲಿ ಭಾಷೆಯ ಬೌದ್ಧ ಗ್ರಂಥಸಂಗ್ರಹ ತಿಪಿಟಕದ ಭಾಗ ಇದು, ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್ ಕಡೆ ಥೇರವಾದ ಪಂಥದ ಬೌದ್ಧರಿಗೆ ಬುದ್ಧನ ಮಾತೇ ಇದು, ಗಾಥೆಗಳನ್ನ ಬಾಯಿಪಾಠ ಮಾಡ್ತಾರೆ, ದಿನದ ಬದುಕಲ್ಲಿ ಅಳವಡಿಸ್ಕೊಳ್ಳೋಕೆ ನೋಡ್ತಾರೆ.

ಹೃದಯ ಸೂತ್ರ ಮಹಾಯಾನ ಅನ್ನೋ ಇನ್ನೊಂದು ಬೌದ್ಧ ಪಂಥದ್ದು, ಒಂದೆರಡು ಪುಟ ಅಷ್ಟೇ. ಚಿಕ್ಕದು ಅಂತ ಇದನ್ನೇ ಮೊದಲು ಹಿಡಿಯೋರು ತುಂಬಾ ಜನ, ಆದ್ರೆ ಇಲ್ಲಿ ಬೋಧಿಸತ್ವ ಅವಲೋಕಿತೇಶ್ವರ ಬುದ್ಧನ ಶಿಷ್ಯ ಶಾರಿಪುತ್ರನಿಗೆ ಹೇಳೋದು ರೂಪವೇ ಶೂನ್ಯತೆ ಅಂತ, ಅಷ್ಟಕ್ಕೇ ನಿಲ್ಲಲ್ಲ, ದುಃಖ ಇಲ್ಲ, ಅದರ ಕಾರಣ ಇಲ್ಲ, ನಿರೋಧ (ದುಃಖ ಕೊನೆಯಾಗೋದು) ಇಲ್ಲ, ಅದಕ್ಕೆ ಮಾರ್ಗಾನೂ ಇಲ್ಲ ಅಂತಾನೆ, ಬುದ್ಧ ಹೇಳಿದ ನಾಲ್ಕು ಆರ್ಯಸತ್ಯ ಇವೇ, ಅವು ಏನು ಅಂತ ಗೊತ್ತಿಲ್ದೆ ಓದಿದ್ರೆ ಎಲ್ಲಾ ಸುಳ್ಳು ಅಂತಿದಾನೇನೋ ಅನ್ಸಿಬಿಡುತ್ತೆ, ಅದು ಖಂಡಿತ ಅರ್ಥ ಅಲ್ಲ. ಯಾವುದಕ್ಕೂ ಸ್ವತಂತ್ರ ಅಸ್ತಿತ್ವ ಇಲ್ಲ ಅನ್ನೋದೇ ಶೂನ್ಯತೆ.

ಆದ್ರೆ ಪಠಣದಲ್ಲಿ ಮನಸ್ಸು ನಿಲ್ಲೋರಿಗೆ ಇದೇ ಒಳ್ಳೇದು. ಟಿಬೆಟಿಯನ್ನರು ಬೋಧನೆ ಶುರು ಮಾಡೋ ಮುಂಚೆ ಇದನ್ನ ಹೇಳ್ತಾರೆ, ಜಪಾನಲ್ಲಿ ಕೈಯಲ್ಲಿ ನಕಲು ಮಾಡೋದೂ ಒಂದು ಸಾಧನೆ. ಗ್ರಂಥಾನ ನೆಲದ ಮೇಲೆ ಇಡಬಾರ್ದು ಅನ್ನೋದು ಟಿಬೆಟಿಯನ್ನರಲ್ಲಿ ತುಂಬಾ ಗಟ್ಟಿ, ಬೈಲಕುಪ್ಪೆ ಕಡೆ ಹೋದ್ರೆ ನೆನಪಿರ್ಲಿ.

ಧಮ್ಮಪದ ಒಂಟಿಯಾಗಿ ಕೂತು ಓದ್ಬಹುದು, ಹೃದಯ ಸೂತ್ರಕ್ಕೆ ವಿವರಿಸೋ ಗುರು ಅಥವಾ ಒಳ್ಳೆ ವ್ಯಾಖ್ಯಾನ ಪಕ್ಕದಲ್ಲಿ ಇರ್ಲೇಬೇಕು.