ಯಾರ ಹಾಡೆಂದು ಹೇಳದೆ ಶ್ರೇಯಾಂಕ ಕೊಡುವ ಆಟ: ಫಾರ್ಮ್, ಶೀಟ್, ಆಡಾಸಿಟಿ ಎರಡು ವರ್ಷ ಬಳಸಿದ ಮೇಲೆ

ಬಳ್ಳಾರಿಯಲ್ಲಿ ನಾವು ಒಂಬತ್ತು ಮಂದಿ ಗೆಳೆಯರು. ತಿಂಗಳಿಗೊಮ್ಮೆ ಕೂತು ಒಬ್ಬೊಬ್ಬರ ಮೆಚ್ಚಿನ ಹಾಡನ್ನು ಹೆಸರು ಮುಚ್ಚಿ ಕೇಳಿ ಶ್ರೇಯಾಂಕ ಕೊಡುತ್ತೇವೆ. ಇದಕ್ಕೆ ಬೇಕಾದದ್ದು ಮತ ಹಾಕಲು ಗೂಗಲ್ ಫಾರ್ಮ್, ಲೆಕ್ಕಕ್ಕೆ ಗೂಗಲ್ ಶೀಟ್, ಹಾಡು ಕತ್ತರಿಸಿ ಸರಿಮಾಡಲು ಆಡಾಸಿಟಿ ತಂತ್ರಾಂಶ. ಮೂರೂ ಪುಕ್ಕಟೆ. ಎರಡು ವರ್ಷ ಬಳಸಿದ ಮೇಲೆ ನಮಗೆ ಖಾತ್ರಿಯಾಗಿರುವುದು ಇಷ್ಟು: ಕೊಟ್ಟವರ ಹೆಸರು ಮುಚ್ಚಿದ ಮಾತ್ರಕ್ಕೆ ನ್ಯಾಯ ಸಿಗುವುದಿಲ್ಲ. ದನಿಯ ಮಟ್ಟ, ಕೇಳಿಸುವ ಸರದಿ, ಆಯ್ದ ತುಣುಕು ಇವು ಸರಿಯಿಲ್ಲದಿದ್ದರೆ ಜೋರಾಗಿ ಕೇಳುವ ಹಾಡೇ ಪ್ರತಿ ತಿಂಗಳೂ ಗೆಲ್ಲುತ್ತದೆ.

ಇದೇ ಕೆಲಸಕ್ಕೆ ಮ್ಯೂಸಿಕ್ ಲೀಗ್ ಎಂಬ ಸಿದ್ಧ ಸೇವೆ ಇದೆ. ಪ್ರತಿ ಸುತ್ತಿಗೆ ಒಂದು ವಿಷಯ, ಗಡುವಿನೊಳಗೆ ಹಾಡು ಸೇರಿಸುವುದು, ಎಲ್ಲ ಹಾಡುಗಳ ಒಂದು ಪ್ಲೇಲಿಸ್ಟ್, ಆಮೇಲೆ ಮತ. ಗೆಳೆಯರು ಬೆಂಗಳೂರು, ಹೈದರಾಬಾದ್ ಅಂತ ಚದುರಿಹೋಗಿದ್ದರೆ ಅದೇ ಅನುಕೂಲ. ಆದರೆ ಅಲ್ಲಿ ಮುಚ್ಚಿರುವುದು ಹಾಡು ಸೇರಿಸಿದವರ ಹೆಸರು ಮಾತ್ರ. ಹಾಡಿನ ಹೆಸರು, ಹಾಡಿದವರ ಹೆಸರು ಪ್ಲೇಲಿಸ್ಟಿನಲ್ಲಿ ಕಾಣುತ್ತಲೇ ಇರುತ್ತವೆ. ದೊಡ್ಡ ಗಾಯಕರ ಹೆಸರು ಕಂಡ ಕೂಡಲೇ ಕಿವಿ ಅರ್ಧ ತೀರ್ಮಾನ ಮಾಡಿರುತ್ತದೆ. ಜೊತೆಗೆ, ನಮ್ಮ ಕಡೆಯ ಮೊಹರಂನಲ್ಲಿ ಹಾಡುವ ರಿವಾಯತ ಪದ, ಭಜನೆ ಮೇಳದ ತತ್ವಪದ, ಕಂಪನಿ ನಾಟಕದ ರಂಗಗೀತೆ ಎಷ್ಟೋ ಸಲ ಸ್ಟ್ರೀಮಿಂಗ್‌ನಲ್ಲಿ ಸಿಗುವುದೇ ಇಲ್ಲ, ಮೊಬೈಲಿನಲ್ಲೋ ಹಳೇ ಕ್ಯಾಸೆಟ್‌ನಲ್ಲೋ ಇರುತ್ತವೆ. ಅದಕ್ಕೇ ಈ ಮೂರರ ಜೋಡಣೆ.

ಮೊದಲ ನಿಯಮ, ಸೂತ್ರಧಾರ. ಒಂಬತ್ತು ಜನರಲ್ಲಿ ಒಬ್ಬರು ಆ ತಿಂಗಳು ಹಾಡನ್ನೂ ಕೊಡಬಾರದು, ಮತವನ್ನೂ ಹಾಕಬಾರದು. ಉಳಿದ ಎಂಟು ಮಂದಿ ತಮ್ಮ ಹಾಡನ್ನು ಅವರೊಬ್ಬರಿಗೇ ಕಳಿಸಬೇಕು. ಮುಂದಿನ ತಿಂಗಳು ಸೂತ್ರಧಾರ ಬದಲು. ಇದನ್ನು ಬಿಟ್ಟರೆ ಗುಟ್ಟು ಉಳಿಸುವ ಬೇರೆ ದಾರಿ ಇಲ್ಲ, ಕಾರಣ ಮುಂದೆ ಹೇಳುತ್ತೇನೆ.

ಸೂತ್ರಧಾರರ ಹೆಚ್ಚಿನ ಕೆಲಸ ಆಡಾಸಿಟಿಯಲ್ಲಿ. ಪ್ರತಿ ಹಾಡಿನಿಂದ 90 ಸೆಕೆಂಡ್ ಕತ್ತರಿಸಿ, ಕೊನೆಯ 3 ಸೆಕೆಂಡ್ ಫೇಡ್ ಔಟ್ ಮಾಡಬೇಕು, ಅಂದರೆ ದನಿ ಮೆಲ್ಲಗೆ ಇಳಿದು ಮುಗಿಯಬೇಕು. ಸಿನಿಮಾ ಹಾಡಾದರೆ ಪಲ್ಲವಿ ಶುರುವಾಗುವ ಜಾಗದಿಂದ ಕತ್ತರಿಸಿ, ಸಾಮಾನ್ಯವಾಗಿ ಪಲ್ಲವಿ, ನಡುವಿನ ವಾದ್ಯ, ಚರಣದ ಮೊದಲ ಸಾಲು ಅಷ್ಟರಲ್ಲಿ ಬರುತ್ತವೆ. ಮುನ್ನುಡಿ ಸಂಗೀತದಿಂದ ಕತ್ತರಿಸಿದರೆ ಮೊದಲ ಅರ್ಧ ನಿಮಿಷ ಹಾಡುಗಾರರೇ ಕೇಳಿಸುವುದಿಲ್ಲ. ಹಿಂದೂಸ್ತಾನಿ ಖಯಾಲ್‌ಗೆ ಈ ಲೆಕ್ಕ ನಡೆಯದು. ವಿಲಂಬಿತದ, ಅಂದರೆ ನಿಧಾನ ಲಯದ ಭಾಗದ, ಮೊದಲ 90 ಸೆಕೆಂಡಿನಲ್ಲಿ ರಾಗ ಇನ್ನೂ ಕಣ್ಣು ಬಿಡುತ್ತಿರುತ್ತದೆ. ಅದನ್ನು ಸಿನಿಮಾ ಹಾಡಿನ ಪಕ್ಕ ಕೂರಿಸಿದರೆ ಅನ್ಯಾಯ. ಅಂಥವಕ್ಕೆ ಬೇರೆ ಸುತ್ತು ಇಟ್ಟು, ತಲಾ 4 ನಿಮಿಷ ಕೊಡಿ. ಏಕತಾರಿ, ದಮ್ಮಡಿಯ ತತ್ವಪದವೂ ಹಾಗೇ, ಸೊಲ್ಲು ಮೂರ್ನಾಲ್ಕು ಸಲ ತಿರುಗಿ ಬಂದ ಮೇಲೇ ಅದರ ರುಚಿ.

ಕತ್ತರಿಸಿದ ಮೇಲೆ ದನಿಯ ಮಟ್ಟ. ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ. ಎರಡು ತುಣುಕಿನಲ್ಲಿ ಒಂದು ಸ್ವಲ್ಪವೇ ಜೋರಾಗಿದ್ದರೂ ಕೇಳುವವರಿಗೆ ಅದು ಜೋರು ಅನ್ನಿಸುವುದಿಲ್ಲ, ಚೆನ್ನಾಗಿದೆ ಅನ್ನಿಸುತ್ತದೆ. ಇತ್ತೀಚಿನ ಸಿನಿಮಾ ಹಾಡುಗಳನ್ನು ದನಿ ಒತ್ತಿ ತುಂಬಿ ತಯಾರಿಸಿರುತ್ತಾರೆ, 1970ರ ಸುಮಾರಿನ ಹಾಡು ಅದರ ಪಕ್ಕ ಸೊರಗಿದಂತೆ ಕೇಳುತ್ತದೆ. ಎಫೆಕ್ಟ್ ಪಟ್ಟಿಯಲ್ಲಿ ಲೌಡ್‌ನೆಸ್ ನಾರ್ಮಲೈಸೇಶನ್ ತೆಗೆದು ಎಲ್ಲ ತುಣುಕಿಗೂ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಎಂದು ಅಳೆಯುವ ಮಾನ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಇಡಿ, ಅಲ್ಲಿ ಮೊದಲೇ ಇರುವ ಅಂಕಿಯೂ ಅದೇ. ಮೈನಸ್ 14ಕ್ಕೆ ಏರಿಸುವ ಆಸೆ ಬೇಡ. ಮೆಲ್ಲಗಿನ ಹಳೇ ಹಾಡನ್ನು ಅಷ್ಟು ಎತ್ತಿದರೆ ದನಿ ಜೋರಾಗಿ ಏರುವ ಜಾಗದಲ್ಲಿ ಒಡೆಯುತ್ತದೆ. ಎಲ್ಲವನ್ನೂ ಕೆಳಗೆ ಇಳಿಸಿ, ಸ್ಪೀಕರ್ ಏರಿಸಿಕೊಳ್ಳುವುದೇ ಕ್ಷೇಮ. ಮೊದಲು ಕತ್ತರಿ, ಆಮೇಲೆ ಮಟ್ಟ. ತಿರುಗಿಸಿ ಮಾಡಿದರೆ ಇಡೀ ಹಾಡಿನ ಲೆಕ್ಕ ಬರುತ್ತದೆ, ನಿಮ್ಮ 90 ಸೆಕೆಂಡಿನದಲ್ಲ.

ಹಳೇ ಹಾಡು ಹೆಚ್ಚಾಗಿ ಮೋನೋ (ಎರಡೂ ಕಿವಿಗೆ ಒಂದೇ ದನಿ), ಹೊಸತು ಸ್ಟಿರಿಯೋ (ಎಡಕ್ಕೊಂದು, ಬಲಕ್ಕೊಂದು). ಇಯರ್‌ಫೋನ್‌ನಲ್ಲಿ ಈ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ, ಆದ್ದರಿಂದ ಎಲ್ಲವನ್ನೂ ಮೋನೋ ಮಾಡಿಬಿಡಿ. ಗರಗರ ಸದ್ದಿಗೆ ನಾಯ್ಸ್ ರಿಡಕ್ಷನ್ ಜಾಸ್ತಿ ಬಳಸಿದರೆ ಗಾಯನ ನೀರೊಳಗಿನಿಂದ ಬಂದಂತಾಗುತ್ತದೆ. ಗರಗರ ಇರಲಿ, ಕಿವಿ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಗುಟ್ಟು ಸೋರುವ ಕಿಂಡಿಗಳು ಹಲವು. ಎಂಪಿ3 ಕಡತದೊಳಗೆ ಹಾಡಿನ ಹೆಸರು, ಗಾಯಕರು, ಆಲ್ಬಮ್ ಚಿತ್ರ ಅಡಗಿರುತ್ತವೆ, ಫೋನಿನಲ್ಲಿ ಒತ್ತಿದ ಕೂಡಲೇ ಪರದೆ ಮೇಲೆ ಬರುತ್ತವೆ. ಎಕ್ಸ್‌ಪೋರ್ಟ್ ಮಾಡುವಾಗ ಈ ಮಾಹಿತಿಯನ್ನು (ಮೆಟಾಡೇಟಾ) ಪೂರ್ತಿ ಅಳಿಸಿ, ಕಡತಕ್ಕೆ 1ರಿಂದ 8ರವರೆಗೆ ಅಂಕಿಯನ್ನಷ್ಟೇ ಹೆಸರಾಗಿ ಕೊಡಿ. ಹಾಡುಗಳು ಕೈಗೆ ಬಂದ ಕ್ರಮದಲ್ಲೇ ಅಂಕಿ ಕೊಟ್ಟರೆ ಅದೂ ಒಂದು ಸುಳಿವು, ಚೀಟಿ ಎತ್ತಿ ಹಂಚಿ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಇಳಿಸಿಕೊಂಡ ಹಾಡು ಆಡಾಸಿಟಿಯಲ್ಲಿ ತೆರೆಯುವುದಿಲ್ಲ. ಅದನ್ನು ಸೂತ್ರಧಾರರು ಪರದೆ ಮರೆಮಾಡಿ ತಮ್ಮ ಫೋನಿನಿಂದಲೇ ಹಾಕಬೇಕು, ಮಟ್ಟವನ್ನು ಕಿವಿಯಿಂದಲೇ ಹೊಂದಿಸಬೇಕು. ಅಷ್ಟು ನಿಖರ ಆಗದು, ಸಾಧ್ಯವಾದರೆ ಸಿ.ಡಿ. ಅಥವಾ ಕೊಂಡ ಕಡತವನ್ನೇ ಕೇಳಿ.

ಫಾರ್ಮ್‌ನಲ್ಲಿ ಮಲ್ಟಿಪಲ್ ಚಾಯ್ಸ್ ಗ್ರಿಡ್ ಆರಿಸಿ. ಸಾಲುಗಳು ಎಂಟು ಹಾಡು, ಕಾಲಂಗಳು 1ರಿಂದ 8. ಪ್ರತಿ ಸಾಲಿಗೂ ಉತ್ತರ ಕಡ್ಡಾಯ, ಕಾಲಂಗೆ ಒಂದೇ ಉತ್ತರ, ಈ ಎರಡನ್ನೂ ಆನ್ ಮಾಡಿದರೆ ಒಂದೇ ಶ್ರೇಯಾಂಕ ಎರಡು ಹಾಡಿಗೆ ಹೋಗುವುದಿಲ್ಲ. ಕಾಲಂ ತಲೆಗೆ ಬರೀ ಅಂಕಿ ಬರೆಯಿರಿ. ‘1ನೇ ಸ್ಥಾನ’ ಎಂದು ಬರೆದರೆ ಶೀಟ್ ಅದನ್ನು ಅಕ್ಷರ ಎಂದುಕೊಂಡು ಕೂಡಿಸುವುದೇ ಇಲ್ಲ. ಫೋನಿನ ಪರದೆಯಲ್ಲಿ ಎಂಟೂ ಕಾಲಂ ಒಟ್ಟಿಗೆ ಕಾಣವು, ಪಕ್ಕಕ್ಕೆ ಸರಿಸಬೇಕು ಎಂದು ಮೇಲೆಯೇ ಒಂದು ಸಾಲು ಬರೆದಿಡಿ. ಫಲಿತಾಂಶದ ಸಾರಾಂಶ ತೋರಿಸುವ ಆಯ್ಕೆ ಆಫ್ ಇರಲಿ.

ಸ್ವಂತ ಹಾಡಿಗೆ ಏನು ಮಾಡುವುದು? ಖಾಲಿ ಬಿಟ್ಟರೆ ಶೀಟ್‌ನಲ್ಲಿ ಯಾರ ಹಾಡು ಎಂದು ಬಯಲಾಗುತ್ತದೆ. ಎಲ್ಲರೂ ತಮ್ಮ ಹಾಡಿಗೆ ಕಡ್ಡಾಯವಾಗಿ 1, ಅಂದರೆ ಮೊದಲ ಸ್ಥಾನ, ಕೊಡಲಿ. ಆಗಲೂ ಶೀಟ್ ನೋಡಿದವರಿಗೆ ಗೊತ್ತಾಗುತ್ತದೆ, ಅದಕ್ಕೇ ಅದನ್ನು ನೋಡುವ ಸೂತ್ರಧಾರರು ಆಟದ ಹೊರಗಿರಬೇಕು. ಲೆಕ್ಕ ಸರಳ: 9ರಿಂದ ಶ್ರೇಯಾಂಕ ಕಳೆದರೆ ಅಂಕ. ಮೊದಲ ಸ್ಥಾನಕ್ಕೆ 8, ಕೊನೆಗೆ 1. ಸ್ವಂತದ 8 ಅಂಕ ಎಲ್ಲರಿಗೂ ಸಮ ಬರುವುದರಿಂದ ಯಾರಿಗೂ ಲಾಭವಿಲ್ಲ. ಒಬ್ಬರ ಮತಪತ್ರದ ಒಟ್ಟು ಅಂಕ 36, ಎಂಟು ಜನರದು 288. ಈ ಮೊತ್ತ ಬರದಿದ್ದರೆ ಒಂದು ಮತ ಬಿಟ್ಟುಹೋಗಿದೆ ಅಥವಾ ಎರಡು ಸಲ ಬಿದ್ದಿದೆ. ಒಂದು ಹಾಡಿಗೆ ಸ್ವಂತದ 8ರ ಮೇಲೆ ಉಳಿದ ಏಳು ಮಂದಿಯಿಂದ ಹೆಚ್ಚೆಂದರೆ ತಲಾ 7, ಕಡಿಮೆಯೆಂದರೆ ತಲಾ 1, ಅಂದರೆ ಗರಿಷ್ಠ 57, ಕನಿಷ್ಠ 15. ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಪದ್ಧತಿ ನಾವು ಒಪ್ಪುವುದಿಲ್ಲ. ಒಬ್ಬರು 8, 9, 10ರೊಳಗೇ ಸುತ್ತುತ್ತಾರೆ, ಇನ್ನೊಬ್ಬರು 2ರಿಂದ 10ರವರೆಗೆ ಹರಡುತ್ತಾರೆ, ಹರಡಿದವರ ಮತವೇ ಫಲಿತಾಂಶ ಎಳೆಯುತ್ತದೆ.

ಕೇಳಿಸುವಾಗ ಎಂಟನ್ನೂ ಎರಡು ಸಲ ಹಾಕಿ, ಎರಡನೇ ಸಲ ಸರದಿ ತಿರುಗಿಸಿ ಎಂಟರಿಂದ ಒಂದಕ್ಕೆ. ಮೊದಲ ಹಾಡಿನ ಹೊತ್ತಿಗೆ ಮಂದಿ ಇನ್ನೂ ಒಗ್ಗರಣೆ-ಮಿರ್ಚಿ ಪ್ಲೇಟು ಕೈಗೆತ್ತಿಕೊಳ್ಳುತ್ತಿರುತ್ತಾರೆ, ಕೊನೆಯದು ಮತ ಹಾಕುವಾಗ ಕಿವಿಯಲ್ಲೇ ಇರುತ್ತದೆ. ತಿಂಡಿ ಮುಗಿದ ಮೇಲೆ ಶುರು ಮಾಡುವುದು ಇನ್ನೂ ಒಳ್ಳೆಯದು. ಎರಡು ಸುತ್ತಿಗೆ 24 ನಿಮಿಷ, ನಡುವಿನ ಬಿಡುವು ಬೇರೆ. ಫೋನಿನ ಈಕ್ವಲೈಸರ್ ಆಫ್, ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ ಬ್ಲೂಟೂತ್ ಮಾತ್ರ ಆನ್. ನಮ್ಮ ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಲಾಗದು, ಅದರ ಸದ್ದಿಗೆ ತಂಬೂರಿ ಮುಳುಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಹೊತ್ತು ಮುಳುಗಿದ ಮೇಲೆ ಮಾಳಿಗೆ ಮೇಲೆ ಕೂರುವುದೇ ಸರಿ.

ಇನ್ನು ಭಾಷೆ. ಬಳ್ಳಾರಿಯಲ್ಲಿ ಕನ್ನಡ, ತೆಲುಗು, ಉರ್ದು ಒಂದೇ ಓಣಿಯಲ್ಲಿ ಇರುತ್ತವೆ. ತೆಲುಗು ಹಾಡು ಬಂದ ಕೂಡಲೇ ‘ಇದು ಅವಂದೇ ಐತಿ ಬಿಡ್ರಿ’ ಎಂದು ಯಾರಾದರೂ ಅಂದರೆ ಆ ಸುತ್ತಿನ ಮುಸುಕು ಹೋಯಿತು. ಮತ ಮುಗಿಯುವವರೆಗೆ ಬಾಯಿ ತೆರೆಯಬಾರದು ಎಂಬ ನಿಯಮ ಅರ್ಧ ಮಾತ್ರ ಕೆಲಸ ಮಾಡುತ್ತದೆ. ವಿಷಯ ಕಟ್ಟಿಕೊಡುವುದು ಪೂರ್ತಿ ಮಾಡುತ್ತದೆ: ಎಲ್ಲರೂ ತೆಲುಗು, ಎಲ್ಲರೂ ಬರೀ ವಾದ್ಯ, ಎಲ್ಲರೂ ರಂಗಗೀತೆ. ನಮಗೆ ಅತಿ ಹಿಡಿಸಿದ್ದು ದಾಸರ ಪದದ ಸುತ್ತು. ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಮೂವರೂ ರಾಯಚೂರು ಸೀಮೆಯವರು. ಒಂದೇ ಪದವನ್ನು ಎಂಟು ಗಾಯಕರ ಕಂಠದಲ್ಲಿ ಹುಡುಕಿ ತಂದರೆ ಸಾಹಿತ್ಯ ಎಲ್ಲರಿಗೂ ಸಮ, ಭಾಷೆ ಸಮ, ಉಳಿಯುವುದು ಹಾಡುಗಾರಿಕೆ ಒಂದೇ. ಒಬ್ಬರು ಪಲ್ಲವಿಯ ಕೊನೆಯ ಅಕ್ಷರವನ್ನು ಎಳೆದು ಉಸಿರಿನೊಳಗೆ ಕರಗಿಸುತ್ತಾರೆ, ಇನ್ನೊಬ್ಬರು ಅದೇ ಅಕ್ಷರವನ್ನು ತಾಳದ ಮೇಲೆ ಕಡಿದು ನಿಲ್ಲಿಸುತ್ತಾರೆ. ಮಟ್ಟ ಸರಿಮಾಡಿದ ತುಣುಕುಗಳನ್ನು ಒಂದರ ಹಿಂದೆ ಒಂದು ಕೇಳಿದಾಗ ಇದು ಎಷ್ಟು ನಿಚ್ಚಳವಾಗಿ ಕೇಳುತ್ತದೆ ಎಂಬುದೇ ಈ ಇಡೀ ತಯಾರಿಗೆ ಸಿಗುವ ಕೂಲಿ.

ಪರಿಚಿತ ಹಾಡನ್ನು ಮಾತ್ರ ಯಾವ ಮುಸುಕೂ ಮುಚ್ಚದು. ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಕಂಠವನ್ನು ರಾಯಚೂರಿನವರು ಎರಡೇ ಸ್ವರದಲ್ಲಿ ಗುರುತಿಸಿಬಿಡುತ್ತಾರೆ. ಇದಕ್ಕೆ ಫಾರ್ಮ್‌ನಲ್ಲಿ ಇನ್ನೊಂದು ಗ್ರಿಡ್ ಸೇರಿಸಿ, ಪ್ರತಿ ಹಾಡಿಗೂ ‘ಮೊದಲೇ ಕೇಳಿದ್ದೇನೆ’ ಅಥವಾ ‘ಇಲ್ಲ’. ಶೀಟ್‌ನಲ್ಲಿ ‘ಇಲ್ಲ’ ಎಂದವರ ಅಂಕಗಳ ಸರಾಸರಿಯನ್ನು ಪ್ರತ್ಯೇಕ ತೆಗೆಯಿರಿ, ಸ್ವಂತ ಹಾಡಿಗೆ ‘ಕೇಳಿದ್ದೇನೆ’ ಎಂದೇ ಬೀಳುವುದರಿಂದ ಆ 8 ಅಂಕ ತಾನಾಗಿ ಹೊರಗುಳಿಯುತ್ತದೆ. ಕೇಳದವರು ಇಬ್ಬರೇ ಇದ್ದರೆ ಆ ಸರಾಸರಿ ನಂಬಬೇಡಿ, ಕನಿಷ್ಠ ನಾಲ್ವರು ಬೇಕು.

ಫಲಿತಾಂಶ ಹೇಳುವಾಗ ಎಂಟನೇ ಸ್ಥಾನದಿಂದ ಶುರು ಮಾಡಿ ಮೇಲೆ ಬನ್ನಿ, ಮೊದಲು ಅಂಕ, ಆಮೇಲೆ ಹಾಡಿನ ಹೆಸರು, ಕೊನೆಗೆ ಕೊಟ್ಟವರ ಹೆಸರು. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬ ಶೀಟನ್ನು ಹಂಚಬೇಡಿ. ಫಾರ್ಮ್‌ನಲ್ಲಿ ಹೆಸರು ಕೇಳದಿದ್ದರೂ ಮತ ಬಿದ್ದ ಸಮಯ ಅದರಲ್ಲಿರುತ್ತದೆ, ಅದನ್ನು ವಾಟ್ಸಾಪ್ ಗುಂಪಿನಲ್ಲಿ ‘ನಾ ಹಾಕೀನಿ’ ಅಂದ ಸಮಯದ ಜೊತೆ ಹೋಲಿಸಿದರೆ ಮತ ಯಾರದೆಂದು ತಿಳಿದುಬಿಡುತ್ತದೆ. ಒಟ್ಟು ಅಂಕದ ಕಾಲಂ ಒಂದನ್ನೇ ಹೊಸ ಶೀಟ್‌ಗೆ ನಕಲು ಮಾಡಿ ಕಳಿಸಿ.