ಪ್ರವಾಸದ ಇಂಗ್ಲಿಷ್: ಉಡುಪಿಯ ಒಂದು ಆರು ವಾರದ ತರಗತಿಯ ಕುರಿತು

ಉಡುಪಿಯ ಸಿಟಿ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಇಂಗ್ಲಿಷ್ ಸಂಭಾಷಣಾ ತರಗತಿಯೊಂದಕ್ಕೆ ಕಳೆದ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಆರು ವಾರ ಹೋಗಿದ್ದೆ. ‘ಪ್ರವಾಸ ಮತ್ತು ರಜೆ’ ಎಂಬ ಒಂದೇ ವಿಷಯದ ಸುತ್ತ ಹನ್ನೆರಡು ಪಾಠಗಳು, ಶನಿವಾರ ಮತ್ತು ಭಾನುವಾರ ಬೆಳಿಗ್ಗೆ ಎರಡೆರಡು ಗಂಟೆ, ಶುಲ್ಕ 3,500 ರೂಪಾಯಿ. ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ನನಗೆ ಇಂಗ್ಲಿಷ್ ಓದುವುದು ಕಷ್ಟವಲ್ಲ. ಮಾತನಾಡಬೇಕಾಗಿ ಬಂದಾಗ ಮಾತ್ರ ವಾಕ್ಯ ಗಂಟಲಲ್ಲೇ ನಿಂತುಬಿಡುತ್ತದೆ. ಏಪ್ರಿಲಿನಲ್ಲಿ ಅಬುಧಾಬಿಯ ಮಗಳ ಮನೆಗೆ ಒಬ್ಬಳೇ ಹೋಗಬೇಕಾಗಿದ್ದುದರಿಂದ ಸೇರಿದೆ.

ಮೊದಲ ದಿನವೇ ಕೈಗೆ ಕೊಟ್ಟ ಪುಸ್ತಿಕೆ ನಮ್ಮ ಊರಿನವರನ್ನು ಕಂಡೇ ಇರಲಿಲ್ಲ. ಹಿಮದಲ್ಲಿ ಜಾರುವ ಕುಟುಂಬ, ಕ್ಯಾರವಾನ್ ಎಳೆದುಕೊಂಡು ಹೋಗುವ ದಂಪತಿ, ಸಮುದ್ರತೀರದಲ್ಲಿ ಮೈಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಮಲಗಿದವರು. ಮಲ್ಪೆಯ ಬಿಸಿಲಿನಲ್ಲಿ ನೆರಳು ಹುಡುಕುವ ನಮಗೆ ಈ ಕೊನೆಯ ಚಿತ್ರದ ಸುಖ ಏನೆಂದು ಅರ್ಥವಾಗಲಿಲ್ಲ. ‘ಕಳೆದ ಹಾಲಿಡೇಯಲ್ಲಿ ಎಲ್ಲಿಗೆ ಹೋಗಿದ್ದಿರಿ?’ ಎಂಬ ಮೊದಲ ಪ್ರಶ್ನೆಗೆ ಇಪ್ಪತ್ತೆರಡು ಮಂದಿಯೂ ಮೌನ. ಆ ಮೌನಕ್ಕೆ ಭಾಷೆ ಬಾರದಿರುವುದಕ್ಕಿಂತ ಹೆಚ್ಚಾಗಿ, ಆ ಬಗೆಯ ಹಾಲಿಡೇ ಯಾರ ಬದುಕಿನಲ್ಲೂ ಇಲ್ಲದಿದ್ದುದೇ ಕಾರಣವಾಗಿತ್ತು.

ಶಿಕ್ಷಕಿ ಅದನ್ನು ಗಮನಿಸಿದರು ಎಂಬುದು ಈ ತರಗತಿಯ ದೊಡ್ಡ ಗುಣ. ಎರಡನೆಯ ವಾರ ಪುಸ್ತಿಕೆಯನ್ನು ಬದಿಗಿಟ್ಟು, ಈಚೆಗೆ ಬಸ್ಸು ಹತ್ತಿ ಎಲ್ಲಿಗೆ ಹೋಗಿದ್ದೀರಿ ಎಂದು ಕೇಳಿದರು. ಧರ್ಮಸ್ಥಳ, ಕೊಲ್ಲೂರು, ಕಾರ್ಕಳದಲ್ಲಿ ಅಣ್ಣನ ಮಗಳ ಮದುವೆ, ಮಂಗಳೂರಿನ ಆಸ್ಪತ್ರೆ ಎಂದು ಒಬ್ಬೊಬ್ಬರಾಗಿ ಬಾಯಿಬಿಟ್ಟರು. ನಿಜವಾದ ಪಾಠ ಅಲ್ಲಿಂದ ಆರಂಭವಾಯಿತು. ಕನ್ನಡದ ‘ರಜೆ’ಯೊಂದು ಇಂಗ್ಲಿಷಿನಲ್ಲಿ ಹೇಗೆ ಒಡೆಯುತ್ತದೆ ಎಂಬುದನ್ನು ಅವರು ಹಲಗೆಯ ಮೇಲೆ ಬರೆದು ತೋರಿಸಿದರು: ಗಣರಾಜ್ಯೋತ್ಸವದ ರಜೆ ಹಾಲಿಡೇ, ನಾನು ಅರ್ಜಿ ಕೊಟ್ಟು ಪಡೆಯುವುದು ಲೀವ್, ಕೋರ್ಟಿನ ಬೇಸಿಗೆ ರಜೆ ವೆಕೇಷನ್, ಊರು ಸುತ್ತಲು ಹೋಗುವುದು ಬ್ರಿಟನ್ನಿನವರಿಗೆ ಹಾಲಿಡೇ ಆದರೆ ಅಮೆರಿಕದವರಿಗೆ ವೆಕೇಷನ್. ಹೋಗಿ ಬರುವ ಟಿಕೆಟ್ಟಿಗೂ ಹಾಗೆಯೇ ಬ್ರಿಟನ್ನಿನಲ್ಲಿ ರಿಟರ್ನ್, ಅಮೆರಿಕದಲ್ಲಿ ರೌಂಡ್ ಟ್ರಿಪ್ ಎಂಬ ಎರಡು ಹೆಸರು.

ನಮ್ಮ ತಪ್ಪುಗಳ ಬೇರು ನಮ್ಮ ಭಾಷೆಯಲ್ಲೇ ಇದೆ ಎಂದು ಅವರು ವಿವರಿಸಿದ ರೀತಿ ನನಗೆ ಬಹಳ ಹಿಡಿಸಿತು. ‘ಮಂಗಳೂರಿಗೆ ತಲುಪಿದೆ’ ಎನ್ನುವ ನಾವು ಆ ‘ಗೆ’ಯನ್ನು ಬಿಡಲಾರದೆ ‘ರೀಚ್ಡ್ ಟು ಮ್ಯಾಂಗಲೋರ್’ ಎನ್ನುತ್ತೇವೆ. ರೀಚ್‌ಗೆ ಟು ಬೇಡ. ‘ಅ ಟ್ರಾವೆಲ್’ ಎಂಬ ಪ್ರಯೋಗವೇ ಇಲ್ಲ, ಒಂದು ಸಲದ ಪ್ರಯಾಣಕ್ಕೆ ಟ್ರಿಪ್ ಅಥವಾ ಜರ್ನಿ ಎನ್ನಬೇಕು. (ರಾತ್ರಿ ಬೆಂಗಳೂರಿಗೆ ಹೋಗುವ ಖಾಸಗಿ ಬಸ್ಸನ್ನೇ ‘ಟ್ರಾವೆಲ್ಸ್’ ಎಂದು ಕರೆಯುವ ನಮಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಸಮಯ ಬೇಕಾಯಿತು.) ‘ಔಟ್ ಆಫ್ ಸ್ಟೇಷನ್’ ಎಂದರೆ ಊರಲ್ಲಿಲ್ಲ ಎಂಬ ಅರ್ಥ ಭಾರತದಾಚೆ ಹೆಚ್ಚಿನವರಿಗೆ ಹೊಳೆಯುವುದಿಲ್ಲ, ಬ್ರಿಟಿಷ್ ಅಧಿಕಾರಿಗಳು ನೇಮಕಗೊಂಡ ಸ್ಥಳಕ್ಕೆ ಸ್ಟೇಷನ್ ಎನ್ನುತ್ತಿದ್ದ ಕಾಲದ ಮಾತು ನಮ್ಮಲ್ಲಿ ಉಳಿದುಕೊಂಡಿದೆ. ‘ಹೋಗಿ ಬರುತ್ತೇನೆ’ ಎಂಬುದನ್ನು ‘ಐ ವಿಲ್ ಗೋ ಆ್ಯಂಡ್ ಕಮ್’ ಎಂದು ಹೇಳಿದರೆ ಕೇಳಿದವರು ನಮಗಾಗಿ ಕಾಯುತ್ತಾ ಕುಳಿತಾರು ಎಂದಾಗ ಎಲ್ಲರೂ ನಕ್ಕೆವು. ಆದರೂ ಬರಿಯ ‘ಹೋಗುತ್ತೇನೆ’ ಎನ್ನಲು ನನಗೆ ಇಂಗ್ಲಿಷಿನಲ್ಲೂ ಮನಸ್ಸು ಬರುವುದಿಲ್ಲ.

ವಿಮಾನ ನಿಲ್ದಾಣದ ಅಭಿನಯ ಪಾಠಕ್ಕೆ ಎರಡು ಬೆಂಚುಗಳೇ ಕೌಂಟರ್. ನನ್ನೊಂದಿಗೆ ಕಲಿಯುತ್ತಿದ್ದ ಆಟೋ ಚಾಲಕರೊಬ್ಬರು, ‘ಮೇಡಂ, ಇಷ್ಟು ವರ್ಷ ಲೆಫ್ಟು, ರೈಟು, ಓಕೆ, ಇದರಲ್ಲೇ ಫಾರಿನಿನವರನ್ನು ಸುತ್ತಿಸಿದ್ದು ಮಾರಾಯ್ರೆ’ ಎನ್ನುತ್ತಲೇ ಅಧಿಕಾರಿಯ ಪಾತ್ರಕ್ಕೆ ನಿಂತು ನನ್ನ ಚೀಲದಲ್ಲೇನಿದೆ ಎಂದು ವಿಚಾರಿಸಿದರು. ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಎಂದು ಕನ್ನಡದಲ್ಲೇ ಹೇಳಿ ಸಿಕ್ಕಿಬಿದ್ದೆ. ಮಿಡಿಗೆ ‘ಟೆಂಡರ್ ಮ್ಯಾಂಗೊ’ ಎನ್ನಬೇಕೆಂದೂ, ರಸವಿರುವ ಭರಣಿ ನೂರು ಮಿಲಿಲೀಟರಿಗಿಂತ ದೊಡ್ಡದಾದರೆ ಅಂತರರಾಷ್ಟ್ರೀಯ ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲವೆಂದೂ ಅಂದೇ ತಿಳಿಯಿತು. ಕಿಟಕಿಯ ಬಳಿಯೋ ನಡುದಾರಿಯ ಬಳಿಯೋ ಎಂಬ ಪ್ರಶ್ನೆಯಲ್ಲಿ ‘ಐಲ್’ ಎಂಬ ಪದವನ್ನು ಅರ್ಧ ತರಗತಿ ‘ಐಸ್ಲ್’ ಎಂದು ಓದಿತು. ರೆಕ್ಕೆ ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದ ಈ ಪದಕ್ಕೆ ದ್ವೀಪವನ್ನು ಸೂಚಿಸುವ ಇನ್ನೊಂದು ಪದದ ಗೊಂದಲದಿಂದ ‘ಎಸ್’ ಅಂಟಿಕೊಂಡಿತಂತೆ. ‘ಐಲ್ಯಾಂಡ್’ನ ಎಸ್ ಕೂಡ ಅದೇ ರೀತಿ ಬಂದು ಸೇರಿಕೊಂಡದ್ದು.

ಆ ಐಲ್ಯಾಂಡಿಗೇ ಐದನೆಯ ವಾರ ನಮ್ಮನ್ನು ಕರೆದೊಯ್ದರು. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ, ಷಟ್ಕೋನಾಕಾರದ ಕಲ್ಲುಕಂಬಗಳ ಮುಂದೆ ನಿಂತು, ಎದುರಿಗಿರುವವರು ಪರದೇಶದ ಅತಿಥಿಗಳೆಂದು ಭಾವಿಸಿ ಎರಡು ನಿಮಿಷ ವಿವರಿಸಬೇಕು. ಲಾವಾ ತಣ್ಣಗಾಗಿ ಕುಗ್ಗುವಾಗ ಬಿರುಕು ಬಿಟ್ಟು ಕಂಬಗಳಾದದ್ದನ್ನು ಹೇಳಲು ‘ಕೂಲ್’, ‘ಶ್ರಿಂಕ್’, ‘ಕ್ರ್ಯಾಕ್’ ಎಂಬ ಮೂರು ಕ್ರಿಯಾಪದಗಳು ಸಾಕಾದವು. ವಿದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಸಿದ್ಧರಾಗುತ್ತಿದ್ದ ನರ್ಸ್ ಒಬ್ಬರಿಗೆ ಇದು ನೇರ ಉಪಯೋಗಕ್ಕೆ ಬಂತು. ಆ ಪರೀಕ್ಷೆಯ 11ರಿಂದ 14 ನಿಮಿಷಗಳ ಮಾತಿನ ಭಾಗದಲ್ಲಿ, ಒಂದು ನಿಮಿಷದ ತಯಾರಿಯ ನಂತರ ಎರಡು ನಿಮಿಷದವರೆಗೆ ಒಬ್ಬರೇ ಮಾತನಾಡಬೇಕಾದ ಘಟ್ಟವೊಂದಿದೆ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲವಾದ್ದರಿಂದ ಜೂನಿನ ತಂಡಕ್ಕೆ ಸೇರುವವರು ಈ ಪಾಠವನ್ನು ಕಳೆದುಕೊಳ್ಳುತ್ತಾರೆ.

ಕೊರತೆಗಳೂ ಇವೆ. ಇಪ್ಪತ್ತೆರಡು ಮಂದಿಯ ತರಗತಿಯಲ್ಲಿ ಒಬ್ಬರ ಪಾಲಿಗೆ ಮಾತನಾಡಲು ಸಿಗುವುದು ಐದೇ ನಿಮಿಷ. ಧ್ವನಿಮುದ್ರಿಕೆಗಳನ್ನು ಕೇಳಿಸುವ ಪೆಟ್ಟಿಗೆಯ ಸದ್ದು ಹಿಂದಿನ ಸಾಲಿಗೆ ತಲುಪುವುದಿಲ್ಲ. ಹನ್ನೊಂದನೆಯ ಪಾಠವನ್ನು ಮುನ್ಸೂಚನೆಯಿಲ್ಲದೆ ರದ್ದು ಮಾಡಿದರು. ಕಾರ್ಕಳದಿಂದ ಬಸ್ಸಿನಲ್ಲಿ ಬಂದಿದ್ದವರು ಮುಚ್ಚಿದ ಬಾಗಿಲು ನೋಡಿ ಮರಳಿದರು. ಅದಕ್ಕೆ ಬದಲಿ ತರಗತಿಯೂ ಸಿಗಲಿಲ್ಲ, ಹಣವೂ ಮರಳಲಿಲ್ಲ.

ಏಪ್ರಿಲಿನಲ್ಲಿ ಮಂಗಳೂರು ವಿಮಾನ ನಿಲ್ದಾಣದಲ್ಲಿ ‘ಐಲ್ ಸೀಟ್, ಪ್ಲೀಸ್’ ಎಂದು ತಪ್ಪಿಲ್ಲದೆ ಹೇಳಿದೆ. ಕೌಂಟರಿನ ಹುಡುಗಿ ನನ್ನ ಪಾಸ್‌ಪೋರ್ಟ್ ತಿರುವಿ, ಉಡುಪಿಯಲ್ಲಿ ಎಲ್ಲಿ ಎಂದು ತುಳುವಿನಲ್ಲಿ ಕೇಳಿದಳು. ಅಬುಧಾಬಿಯಲ್ಲಿ ಇಳಿದ ಮೇಲೆ ಇಂಗ್ಲಿಷ್ ಬೇಕಾಯಿತು, ಬಂತು ಕೂಡ. ಮಾತಿನ ಧೈರ್ಯಕ್ಕಾಗಿ ಸೇರುವವರಿಗೆ 3,500 ರೂಪಾಯಿ ಹೆಚ್ಚಲ್ಲ. ವ್ಯಾಕರಣವನ್ನು ಮೊದಲಿನಿಂದ ಕಲಿಯಬೇಕೆನ್ನುವವರು ಬೇರೆ ಕಡೆ ವಿಚಾರಿಸುವುದು ಒಳ್ಳೆಯದು. ಪುಸ್ತಿಕೆಗೆ ಪ್ರತ್ಯೇಕವಾಗಿ ಮುನ್ನೂರು ರೂಪಾಯಿ ಕೇಳುತ್ತಾರೆ, ಆದರೆ ಅದನ್ನು ಕೊಳ್ಳಲೇಬೇಕೆಂದಿಲ್ಲ; ನನ್ನದು ಎರಡನೆಯ ವಾರದ ನಂತರ ತೆರೆದದ್ದೇ ಇಲ್ಲ.