ಟೆಂಟಿನ ಅಡುಗೆಗೆ ಮೂರು ಲೀಟರಿನ ಕುಕ್ಕರ್: ತಕರಾರು ಒಂದೇ, ಅಡಿ ಹಿಡಿಯುವುದು

ಕ್ಯಾಂಪಿಂಗ್‌ಗೆಂದೇ ಮಾರುವ ಪಾತ್ರೆಗಳಲ್ಲಿ ನಮ್ಮ ಅಡುಗೆ ಆಗುವುದಿಲ್ಲ. ಒಂದರೊಳಗೊಂದು ಕೂರುವ ತೆಳು ಪಾತ್ರೆಗಳು, ಮಡಚುವ ಹಿಡಿ, ಜಾಲರಿ ಚೀಲ, ಎಲ್ಲ ನೋಡಲು ಚೆಂದ. ನೂಡಲ್ಸಿಗೆ, ಸೂಪಿಗೆ, ಟೀಗೆ ಸಾಕು. ಅದರಲ್ಲಿ ತೊಗರಿಬೇಳೆ ಬೇಯಲಿಟ್ಟರೆ ಗ್ಯಾಸ್ ಕ್ಯಾನು ಹಗುರಾಗುತ್ತಾ ಬರುತ್ತದೆ, ಬೇಳೆ ಮಾತ್ರ ಬೆರಳಿಗೆ ಗಟ್ಟಿಯಾಗಿಯೇ ಸಿಗುತ್ತದೆ. ಹಾಗಾಗಿ ಕೆಲವು ವರ್ಷಗಳಿಂದ ನಾವು ಟೆಂಟಿನ ಜೊತೆ ಒಯ್ಯುತ್ತಿರುವುದು ಮನೆಬಳಕೆಯ 3 ಲೀಟರಿನ ಸ್ಟೀಲ್ ಕುಕ್ಕರ್, ಒಳಮುಚ್ಚಳದ್ದು. ಜೊತೆಗೆ ಉದ್ದನೆಯ ಪೈಪಿರುವ ಮೂರು ಕಾಲಿನ ಪುಟ್ಟ ಗ್ಯಾಸ್ ಸ್ಟೌವ್. ಇವೆರಡರ ಜೋಡಿ ಹೇಗೆ ನಡೆದುಕೊಂಡಿತು ಎಂದು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ, ನಾನು ಹೇಳುವ ದೋಷ ಈ ಬಗೆಯ ಯಾವ ಜೋಡಿಗೂ ಬರುವಂಥದ್ದು.

ನಾವು ಮೂವರು: ನಾನು, ನಮ್ಮವರು, ಪ್ರೈಮರಿ ಸ್ಕೂಲಿನ ಮಗಳು. ಹೋಗುವುದು ಕಾರಿನಲ್ಲಿ, ಆದ್ದರಿಂದ ತೂಕದ ಚಿಂತೆಯಿಲ್ಲ. ಬೆನ್ನಿಗೆ ಹೊತ್ತು ಬೆಟ್ಟ ಹತ್ತುವವರಿಗೆ ಇದು ಭಾರವೇ, ಅವರು ಒಂದೂವರೆ ಲೀಟರಿನ ಅಲ್ಯುಮಿನಿಯಂ ಕುಕ್ಕರ್ ನೋಡಲಿ. ಟೆಂಟ್ ಹಾಕುವುದು ಸಕಲೇಶಪುರದ ಹತ್ತಿರ ನಾದಿನಿ ಮನೆಯವರ ಕಾಫಿ ತೋಟದಲ್ಲಿ, ಇಲ್ಲವೇ ಚಿಕ್ಕಮಗಳೂರು ಕಡೆಯ ಹೋಂಸ್ಟೇಗಳ ಅಂಗಳದಲ್ಲಿ. ಕಾಡೊಳಗೆ ಒಲೆ ಹಚ್ಚುವ ಮಾತೇ ಇಲ್ಲ. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹೊತ್ತಿಸುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಬೇಸಿಗೆಯ ಒಣ ಹುಲ್ಲಿಗೆ ಒಂದು ಕಿಡಿ ಸಾಕು ಎನ್ನುವುದು ಪಶ್ಚಿಮ ಘಟ್ಟ ನೋಡಿದವರಿಗೆಲ್ಲ ಗೊತ್ತು.

ನಮ್ಮ ಖಾಯಂ ಅಡುಗೆ ಬಿಸಿಬೇಳೆಬಾತ್. ಅದರ ತಯಾರಿ ಹಿಂದಿನ ರಾತ್ರಿ ಮನೆಯಲ್ಲೇ ಶುರು. ಒಂದೊಂದು ಹೊತ್ತಿಗೆ ಒಂದೊಂದು ಕಟ್ಟು: 200 ಎಂಎಲ್ ಲೋಟದಲ್ಲಿ ಮುಕ್ಕಾಲು ಲೋಟ ಸೋನಾ ಮಸೂರಿ ಒಂದು ಪೊಟ್ಟಣದಲ್ಲಿ, ಅರ್ಧ ಲೋಟ ತೊಗರಿಬೇಳೆ ಇನ್ನೊಂದರಲ್ಲಿ. ಪುಡಿ ಮನೆಯಲ್ಲೇ ಹುರಿದು ಮಾಡಿದ್ದು. ಬ್ಯಾಡಗಿ ಮೆಣಸಿನಕಾಯಿ ತುಸು ಹೆಚ್ಚು, ಮರಾಠಿ ಮೊಗ್ಗು ಎರಡೇ ಎರಡು, ಕೊನೆಗೆ ಒಣಕೊಬ್ಬರಿ. ಹುಣಸೆಯನ್ನು ಮನೆಯಲ್ಲೇ ಕಿವುಚಿ ಗಟ್ಟಿ ರಸ ಕುದಿಸಿ ಸಣ್ಣ ಬಾಟಲಿಗೆ ತುಂಬಿಸುತ್ತೇನೆ. ಹೊರಡುವ ದಿನ ದಾರಿಯಲ್ಲಿ ಊಟಕ್ಕೆ ನಿಂತಾಗ ಬೇಳೆಯನ್ನು ತೊಳೆದು ಅಗಲ ಬಾಯಿಯ ಬಾಟಲಿಗೆ ಹಾಕಿ ನೀರು ತುಂಬಿಸುವುದು ಮಗಳ ಕೆಲಸ. ಘಾಟಿಯ ತಿರುವುಗಳಲ್ಲಿ ಅದನ್ನು ತೊಡೆ ಮೇಲೆ ಇಟ್ಟುಕೊಂಡೇ ಬರುತ್ತಾಳೆ. ತೋಟ ಮುಟ್ಟುವಷ್ಟರಲ್ಲಿ ಬೇಳೆ ಉಬ್ಬಿ ಉಗುರಿಗೆ ಮುರಿಯುವಂತಾಗಿರುತ್ತದೆ. ಕುಕ್ಕರ್ ಒಲೆಯ ಮೇಲಿರುವ ಹೊತ್ತು ಇದರಿಂದ ಎಷ್ಟೋ ಕಡಿಮೆ.

ಬೆಳಕಿರುವಾಗಲೇ ಅಡುಗೆ ಮುಗಿಯಬೇಕು. ಸಕಲೇಶಪುರ ಕಡೆಯ ತೋಟಗಳಲ್ಲಿ ಆನೆ ಓಡಾಡುತ್ತದೆ, ಕತ್ತಲಾದ ಮೇಲೆ ಹೊರಗೆ ಪಾತ್ರೆ ಸದ್ದು ಮಾಡುತ್ತಾ ಕೂರುವಂತಿಲ್ಲ. ಟೆಂಟ್ ಎದ್ದ ಕೂಡಲೇ ಕುಕ್ಕರಿನಲ್ಲಿ ತುಪ್ಪ ಕಾಯಿಸಿ ಗೋಡಂಬಿ, ಸಾಸಿವೆ, ಕರಿಬೇವು, ಇಂಗು ಹಾಕಿ ಒಗ್ಗರಣೆ ಮಾಡಿ ಅದನ್ನು ಮುಚ್ಚಳದ ಡಬ್ಬಿಗೆ ಬಗ್ಗಿಸಿಡುತ್ತೇನೆ. ಪಾತ್ರೆಯಲ್ಲಿ ಉಳಿದ ತುಪ್ಪದ ಪಸೆಯಲ್ಲೇ ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸು ಬಾಡಿಸಿ, ಅಕ್ಕಿ, ಬೇಳೆ, ಅರಿಶಿನ, ಐದು ಲೋಟ ನೀರು. ಬೇಳೆ ನೆನೆಸಿದ ನೀರು ಈ ಐದರ ಲೆಕ್ಕದಲ್ಲೇ ಬರುತ್ತದೆ. ಕುಕ್ಕರ್ ಅರ್ಧ ತುಂಬಿದರೆ ಅಲ್ಲಿಗೆ ನಿಲ್ಲಿಸಬೇಕು. ಅಕ್ಕಿ ಬೇಳೆ ನೊರೆ ಬರುವ ಪದಾರ್ಥ, ಅದಕ್ಕಿಂತ ಮೇಲೆ ತುಂಬಿದರೆ ನೊರೆ ಹೋಗಿ ವೆಯ್ಟಿನ ತೂತಿಗೆ ಸಿಕ್ಕಿಕೊಳ್ಳುತ್ತದೆ.

ಇಲ್ಲಿಂದ ಮುಂದಿನದೇ ಈ ಕುಕ್ಕರಿನ ಸುಖ. ಬೇರೆ ಪಾತ್ರೆಯಾದರೆ ಗಾಳಿ ಬೀಸಿದಾಗಲೆಲ್ಲ ಕುದಿ ನಿಲ್ಲುತ್ತದೆ, ಮುಚ್ಚಳ ತೆಗೆದಾಗಲೆಲ್ಲ ಬಿಸಿ ಹೋಗುತ್ತದೆ. ಇದರಲ್ಲಿ ಒಮ್ಮೆ ಪ್ರೆಷರ್ ಕೂಡಿತೆಂದರೆ ಸಣ್ಣ ಉರಿ ಸಾಕು. ಎರಡು ಕೂಗು ಕೂಗಿಸಿ ಸ್ಟೌವ್ ಆರಿಸಿ, ದಪ್ಪ ಟವೆಲ್ ಸುತ್ತಿ ಬದಿಗಿಟ್ಟುಬಿಡುತ್ತೇನೆ. ಮಿಕ್ಕ ಬೇಯುವಿಕೆ ತನ್ನ ಪಾಡಿಗೆ ನಡೆಯುತ್ತದೆ, ಗ್ಯಾಸ್ ಖರ್ಚಿಲ್ಲ. ಒಳಮುಚ್ಚಳವಾದ್ದರಿಂದ ಒತ್ತಡ ಇಳಿಯುವ ತನಕ ಯಾರು ಎಳೆದರೂ ತೆರೆಯುವುದಿಲ್ಲ. ಮಕ್ಕಳು ಸುತ್ತ ಓಡಾಡುವ ಜಾಗದಲ್ಲಿ ಇದೊಂದು ದೊಡ್ಡ ಧೈರ್ಯ.

ಈಗ ತಕರಾರಿಗೆ ಬರುತ್ತೇನೆ. ಈ ಸ್ಟೌವಿನ ಉರಿ ಅಂಗೈ ನಡುವಿನಷ್ಟೇ ಅಗಲ. ಮನೆಯ ಒಲೆಯ ಬರ್ನರು ತಳದ ಸುತ್ತ ಉಂಗುರದಂತೆ ಉರಿದರೆ ಇದು ಒಂದೇ ಕಡೆ ಜೋರಾಗಿ ಊದುತ್ತದೆ. ಸ್ಟೀಲು ಬಿಸಿಯನ್ನು ಪಕ್ಕಕ್ಕೆ ಹರಡುವುದು ಬಹಳ ನಿಧಾನ, ಅಲ್ಯುಮಿನಿಯಮ್ಮಿನ ಹತ್ತರಲ್ಲೊಂದು ಪಾಲೂ ಇಲ್ಲ. ತಳಕ್ಕೆ ಅಲ್ಯುಮಿನಿಯಂ ಪದರ ಕೂಡಿಸಿದ್ದಾರೆ, ಅದು ಮನೆಯ ಒಲೆಗೆ ಸಾಲುತ್ತದೆ, ಈ ಉರಿಗೆ ಸಾಲದು. ನಡುಮಧ್ಯದಲ್ಲಿ ಬೇಳೆ ಕೂತು ಅಡಿ ಹಿಡಿಯುತ್ತದೆ. ಮೊದಲು ಹಬೆಯ ವಾಸನೆ ಬದಲಾಗುತ್ತದೆ. ಬೆಂದ ಬೇಳೆಯ ಘಮ ಹೋಗಿ ಸೀದ ವಾಸನೆ ಮೂಗಿಗೆ ಬಡಿಯುತ್ತದೆ, ಆಗ ನಾವು ಮಾಡುವಂಥದ್ದು ಏನೂ ಇರುವುದಿಲ್ಲ. ಮುಚ್ಚಳ ತೆಗೆಯುವಂತಿಲ್ಲ, ಸೌಟು ಆಡಿಸುವಂತಿಲ್ಲ. ಒತ್ತಡ ಇಳಿದು ತೆರೆಯುವಷ್ಟರಲ್ಲಿ ಆ ವಾಸನೆ ಮೇಲಿನ ಅನ್ನಕ್ಕೂ ಹತ್ತಿರುತ್ತದೆ. ಮನೆಯಲ್ಲಾದರೆ ಪಕ್ಕದ ಪಾತ್ರೆಯಲ್ಲಿ ಸಾರೋ ಪಲ್ಯವೋ ಇರುತ್ತದೆ. ಟೆಂಟಿನಲ್ಲಿ ಇರುವುದು ಒಂದೇ ಪಾತ್ರೆ, ಅದು ಸೀದರೆ ಆ ರಾತ್ರಿಯ ಊಟವೇ ಹೋಯಿತು. ಬಿಸ್ಕತ್ತು ತಿಂದು ಮಲಗಿದ ಮಗಳ ಮುಖ ನೋಡಿದಾಗ ಈ ಸ್ಟೌವ್ ಮಾಡಿದವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಮೇಲಿಂದ, ಕ್ಯಾನಿನಲ್ಲಿ ತಂದ ನೀರಿನಲ್ಲಿ ಆ ಕರಿ ತಳ ಉಜ್ಜುವ ಕೆಲಸ ಬೇರೆ.

ಅರ್ಧ ಪರಿಹಾರ ಅಡುಗೆಯ ಕ್ರಮದಲ್ಲೇ ಇದೆ. ಹುಣಸೆ ರಸ, ಬೆಲ್ಲ, ಪುಡಿ ಯಾವುದನ್ನೂ ಕುಕ್ಕರ್ ಕೂಗುವ ಮುಂಚೆ ಹಾಕಬಾರದು. ಬೆಲ್ಲ ತಳಕ್ಕೆ ಅಂಟುತ್ತದೆ, ಪುಡಿಯಲ್ಲಿರುವ ಕಡಲೆಬೇಳೆ, ಉದ್ದಿನಬೇಳೆ ಗಟ್ಟಿಯಾಗಿ ಕೂರುತ್ತದೆ, ಹುಳಿ ಸೇರಿದರೆ ತೊಗರಿಬೇಳೆ ಬೇಯುವುದೇ ತಡ. ಮುಚ್ಚಳ ತೆಗೆದ ಮೇಲೆ ಒಂದು ಲೋಟ ಬಿಸಿನೀರಿನ ಜೊತೆ ಇವನ್ನು ಹಾಕಿ, ಕೈ ಬಿಡದೆ ತಿರುವುತ್ತಾ ಕುದಿಸಬೇಕು. ಇದರಿಂದ ಸೀಯುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಮಿಕ್ಕರ್ಧ ಹೇಳಿಕೊಟ್ಟವರು ತೋಟದ ರೈಟರು, ಅಂದರೆ ತೋಟದ ಲೆಕ್ಕಪತ್ರ ನೋಡಿಕೊಳ್ಳುವವರು. ತಳ ಉಜ್ಜುತ್ತಿದ್ದುದನ್ನು ನೋಡಿ, "ಅಕ್ಕಾ, ಉರಿ ಮೇಲೆ ನೇರ ಯಾಕೆ ಇಡ್ತೀರಾ? ಅಡಿಗೊಂದು ಹಳೇ ಹಂಚು ಕೊಡಿ" ಎಂದರು. ಕೆಲಸದವರ ಲೈನ್ ಮನೆಯಿಂದ ಒಂದು ಸಣ್ಣ ಕಬ್ಬಿಣದ ಕಾವಲಿಯನ್ನೂ ತಂದುಕೊಟ್ಟರು. ಹಿಡಿ ಮುರಿದದ್ದು, ಕುಕ್ಕರಿನ ತಳದಷ್ಟೇ ಅಗಲ. ಅದನ್ನು ಸ್ಟೌವಿನ ಮೇಲಿಟ್ಟು ಅದರ ಮೇಲೆ ಕುಕ್ಕರ್ ಕೂರಿಸಿದೆವು. ಕಾವಲಿ ಕಾಯುವುದಕ್ಕೆ ಒಂದಿಷ್ಟು ಹೊತ್ತು ಹೆಚ್ಚು ಹಿಡಿಯಿತು, ಆಮೇಲೆ ಕಾವು ತಳದ ತುಂಬ ಒಂದೇ ಸಮ. ಅವತ್ತಿನಿಂದ ನಮ್ಮ ಬಾತು ಅಡಿ ಹಿಡಿದಿಲ್ಲ. ಆ ಕಾವಲಿ ಈಗ ಕುಕ್ಕರಿನ ಜೊತೆಗೇ ಕಾರಿನಲ್ಲಿ ಬರುತ್ತದೆ.

ಈ ಉಪಾಯಕ್ಕೆ ಒಂದು ಎಚ್ಚರಿಕೆ ಇದೆ, ದಯವಿಟ್ಟು ಓದಿ. ಗ್ಯಾಸ್ ಕ್ಯಾನು ಪಕ್ಕದಲ್ಲೇ ಗೂಡಿನೊಳಗೆ ಕೂರುವ ಪೆಟ್ಟಿಗೆ ಸ್ಟೌವಿನಲ್ಲಿ, ಅಥವಾ ಕ್ಯಾನಿನ ತಲೆಯ ಮೇಲೆ ಕೂರುವ ಸ್ಟೌವಿನಲ್ಲಿ ಹೀಗೆ ಮಾಡಬೇಡಿ. ಅಗಲ ಕಬ್ಬಿಣ ಕಾದು ಬಿಸಿಯನ್ನು ಕ್ಯಾನಿನ ಕಡೆಗೆ ಹೊಡೆಯುತ್ತದೆ, ಕ್ಯಾನು ಸಿಡಿಯುವ ಅಪಾಯ ನಿಜವಾದದ್ದು. ನಮ್ಮದು ಪೈಪಿನ ಸ್ಟೌವ್, ಕ್ಯಾನು ಒಂದು ಮೊಳ ದೂರ ಇರುತ್ತದೆ. ಗಾಳಿಗೆ ಅಡ್ಡ ತಗಡು ಇಡುವುದಕ್ಕೂ ಇದೇ ನಿಯಮ. ಮಳೆ ಬಂತೆಂದು ಟೆಂಟಿನೊಳಗೆ ಸ್ಟೌವ್ ಹಚ್ಚುವುದಂತೂ ಬೇಡವೇ ಬೇಡ, ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಡಿಸೆಂಬರಿನ ಬೆಳಗ್ಗೆ ಚಿಕ್ಕಮಗಳೂರಿನ ಮೇಲ್ಭಾಗದಲ್ಲಿ ಉರಿ ಸಣ್ಣಗಾದರೆ ಸ್ಟೌವ್ ಕೆಟ್ಟಿತೆಂದು ತಿಳಿಯಬೇಡಿ. ಅಗ್ಗದ ಕ್ಯಾನುಗಳಲ್ಲಿರುವುದು ಬ್ಯೂಟೇನ್, ಸೊನ್ನೆ ಡಿಗ್ರಿಯ ಹತ್ತಿರ ಅದು ಅನಿಲವಾಗುವುದೇ ನಿಲ್ಲುತ್ತದೆ. ನಮ್ಮಲ್ಲಿ ಅಷ್ಟು ಚಳಿ ಇಲ್ಲದಿದ್ದರೂ ಉರಿಯುತ್ತಾ ಉರಿಯುತ್ತಾ ಕ್ಯಾನು ತಾನೇ ತಣ್ಣಗಾಗುತ್ತದೆ. ರಾತ್ರಿ ಕ್ಯಾನನ್ನು ಸ್ಟೌವಿನಿಂದ ಬಿಡಿಸಿ ಕಂಬಳಿಯಲ್ಲಿ ಸುತ್ತಿಟ್ಟರೆ ಬೆಳಗಿನ ಉಪ್ಪಿಟ್ಟಿಗೆ ತೊಂದರೆಯಾಗುವುದಿಲ್ಲ. ಉಪ್ಪಿಟ್ಟೂ ಇದೇ ಕುಕ್ಕರಿನಲ್ಲಿ, ಮುಚ್ಚಳವಿಲ್ಲದೆ. ಅವರೆಕಾಯಿ ಕಾಲವಾದರೆ ಸೊನೆ ಅವರೆ ಕಾಳು ಹಾಕಿ.

ಒಂದು ಜೂನಿನಲ್ಲಿ ಇದನ್ನು ಹಿಮಾಚಲದ ಸ್ಪಿತಿ ಕಣಿವೆಗೂ ಒಯ್ದಿದ್ದೆವು. ವಿಮಾನದಲ್ಲಿ ಗ್ಯಾಸ್ ಕ್ಯಾನು ಬಿಡುವುದಿಲ್ಲ, ಮನಾಲಿಯಲ್ಲಿ ಕೊಂಡೆವು. ಕಾಜಾ ಊರು 3,600 ಮೀಟರಿಗೂ ಮೇಲಿದೆ, ಅಲ್ಲಿ ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಪಕ್ಕದ ಟೆಂಟಿನವರು ತೆರೆದ ಪಾತ್ರೆಯಲ್ಲಿ ಬೇಳೆಯಿಟ್ಟು ಕಾಯುತ್ತಲೇ ಇದ್ದರು. ಕುಕ್ಕರಿನೊಳಗೆ ಅಲ್ಲೂ 110 ಡಿಗ್ರಿ ದಾಟುತ್ತದೆ, ರಾತ್ರಿಯಿಡೀ ನೆನೆದ ರಾಜ್ಮಾ ಬೆಣ್ಣೆಯ ಹಾಗೆ ಬೆಂದಿತ್ತು. ನಮ್ಮ ಊಟ ಆದ ಮೇಲೆ ಕುಕ್ಕರನ್ನು ಅವರಿಗೆ ಕೊಟ್ಟೆವು.

ಸಣ್ಣಪುಟ್ಟದ್ದು ಇನ್ನೆರಡಿದೆ. ವೆಯ್ಟನ್ನು ಹಿಡಿಗೆ ದಾರದಲ್ಲಿ ಕಟ್ಟಿಡಿ, ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ. ಉದ್ದ ಹಿಡಿಯ ಭಾರಕ್ಕೆ ಖಾಲಿ ಕುಕ್ಕರ್ ಒಂದು ಕಡೆ ವಾಲುತ್ತದೆ, ಹಿಡಿಯನ್ನು ಸ್ಟೌವಿನ ಒಂದು ಕಾಲಿನ ನೇರಕ್ಕೆ ತಿರುಗಿಸಿಟ್ಟರೆ ನಿಲ್ಲುತ್ತದೆ. ತೊಳೆಯಲು ತೆಂಗಿನ ನಾರು ಸಾಕು. ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲದೆ, ಅರವತ್ತು ಮೀಟರಾದರೂ ದೂರದ ಮಣ್ಣಿಗೆ ಹಾಕಿ.

ಕುಕ್ಕರಿಗೆ ಎರಡು ಸಾವಿರದ ಆಸುಪಾಸು ಕೊಟ್ಟಿದ್ದೆ, ಊರಲ್ಲಿದ್ದಾಗ ದಿನವೂ ಅದರಲ್ಲೇ ಅನ್ನ ಆಗುತ್ತದೆ. ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ. ಸ್ಟೌವಿಗೆ ಎರಡೂವರೆ. ಬರ್ನರಿನ ತಲೆ ಅಗಲವಾಗಿರುವ ಪೈಪಿನ ಸ್ಟೌವ್ ಸಿಕ್ಕರೆ ಇದನ್ನು ಬದಲಿಸುತ್ತೇನೆ. ನಾಲ್ವರಿಗಿಂತ ಹೆಚ್ಚು ಜನ ಹೋಗುವವರು 5 ಲೀಟರಿನ ಕುಕ್ಕರ್ ತೆಗೆದುಕೊಳ್ಳಿ, ಆದರೆ ಅದನ್ನು ಇಂಥ ಪುಟ್ಟ ಸ್ಟೌವಿನ ಮೇಲೆ ಇಡಬೇಡಿ, ಕಾಲುಗಳು ಆ ತೂಕ ತಡೆಯುವುದಿಲ್ಲ.